ಗೆರೆ ಎಲ್ಲಿದೆ?

ಕಳೆದ ಗುರುವಾರ ಮಧ್ಯಾಹ್ನ ಹನ್ನೆರಡೂವರೆಗೆ ಬಾಲ್ಕನಿಯ ಥರ್ಮಾಮೀಟರು 19 ಡಿಗ್ರಿ ತೋರಿಸುತ್ತಿತ್ತು. ಆಕಾಶ ತೊಳೆದಿಟ್ಟಂತಿತ್ತು, ಗಾಳಿ ನೆಲದಿಂದ ಕಡಲಿನ ಕಡೆಗೆ, ಇದೆಯೋ ಇಲ್ಲವೋ ಎಂಬಂತೆ ಬೀಸುತ್ತಿತ್ತು. ಸ್ವೆಟರನ್ನು ಕುರ್ಚಿಯ ಬೆನ್ನಿಗೆ ಹಾಕಿ, ಬರೀ ಅಂಗಿಯಲ್ಲಿ ದಂಡೆಯ ಕಡೆಗೆ ಹೊರಟೆ. ಒಂದು ಗಂಟೆಯ ಹೊತ್ತಿಗೆ ಗಾಳಿ ಪೂರ್ತಿ ನಿಂತುಹೋಯಿತು. ಐದಾರು ನಿಮಿಷ ದಂಡೆಯ ಹುಲ್ಲಿನ ಒಂದು ಎಸಳೂ ಅಲುಗಲಿಲ್ಲ. ಆಮೇಲೆ ದೂರದ ನೀರಿನ ಮೇಲೆ ಒಂದು ಕಪ್ಪು ಗೆರೆ ಕಾಣಿಸಿತು. ಕನ್ನಡಿಯಂತೆ ನಯವಾಗಿದ್ದ ನೀರನ್ನು ಗಾಳಿ ಕೆದಕಿಕೊಂಡು ಬರುವಾಗ ಮೂಡುವ ಗೆರೆ ಅದು. ಅದರ ಹಿಂದೆ, ದಿಗಂತಕ್ಕೆ ಅಂಟಿಕೊಂಡು, ಬಿಡಿಸಿದ ಹತ್ತಿಯಂಥ ಒಂದು ಬಿಳಿ ಪಟ್ಟಿ. ಗೆರೆ ದಂಡೆಯನ್ನು ಮುಟ್ಟಿದ ಕ್ಷಣದಲ್ಲಿ ಯಾರೋ ತಂಗಳುಪೆಟ್ಟಿಗೆಯ ಬಾಗಿಲು ತೆರೆದಂತಾಯಿತು. ಮನೆಗೆ ಮರಳಿ ನೋಡಿದರೆ 11 ಡಿಗ್ರಿ, ಎದುರು ಬೀದಿಯ ಮನೆಗಳು ಮಂಜಿನಲ್ಲಿ ಮಸುಕು. ಮೊಬೈಲಿನ ಆ್ಯಪ್ ಮಾತ್ರ ಹಳದಿ ಸೂರ್ಯನ ಚಿತ್ರವನ್ನೂ 19 ಎಂಬ ಅಂಕಿಯನ್ನೂ ತೋರಿಸುತ್ತಲೇ ಇತ್ತು. ಅದೇ ಹೊತ್ತಿಗೆ, ಹದಿನೈದು ಕಿಲೋಮೀಟರು ಒಳನಾಡಿನಲ್ಲಿರುವ ಗೆಳೆಯರೊಬ್ಬರು ಫೋನಿನಲ್ಲಿ ‘ಇಲ್ಲಿ ಸೆಖೆ ಶುರುವಾಯಿತಲ್ಲ’ ಎಂದು ಗೊಣಗುತ್ತಿದ್ದರು.

ಆ್ಯಪ್ ಸುಳ್ಳು ಹೇಳಿರಲಿಲ್ಲ. ಅದು ಗೆಳೆಯರ ಊರಿನ ಹವೆಯನ್ನು ನನ್ನ ವಿಳಾಸಕ್ಕೆ ತಲುಪಿಸಿತ್ತು, ಅಷ್ಟೆ. ಸಮಶೀತೋಷ್ಣ ವಲಯದ ಕರಾವಳಿಯಲ್ಲಿ ಕೆಲವು ವಸಂತಗಳನ್ನು ಕಳೆದ ಮೇಲೆ ನನಗೆ ಅನ್ನಿಸಿರುವುದೇನೆಂದರೆ, ಈ ಋತುವಿನಲ್ಲಿ ‘ನಾಳೆ ಹವೆ ಹೇಗಿರುತ್ತದೆ’ ಎಂಬ ಪ್ರಶ್ನೆಯೇ ಅರ್ಧ ತಪ್ಪು. ಕೇಳಬೇಕಾದದ್ದು ‘ಗೆರೆ ಎಲ್ಲಿರುತ್ತದೆ’ ಎಂದು. ಎರಡು ಬಗೆಯ ಗಾಳಿಗಳ ನಡುವೆ ಒಂದು ಗೆರೆ ಸದಾ ಇದ್ದೇ ಇರುತ್ತದೆ. ನಾವು ಅದರ ಈಚೆ ಇದ್ದೇವೆಯೋ ಆಚೆ ಇದ್ದೇವೆಯೋ ಎಂಬುದರ ಮೇಲೆ ಸ್ವೆಟರಿನ ತೀರ್ಮಾನ ನಿಂತಿದೆ.

ಗೆರೆ ಹುಟ್ಟುವುದಕ್ಕೆ ಮೂಲ ಕಾರಣ ನೀರಿನ ನಿಧಾನ. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.2 ಕಿಲೋಜೂಲ್ ಶಕ್ತಿ ಬೇಕು. ಒಣ ಮಣ್ಣಿಗೆ ಅದರ ನಾಲ್ಕನೆಯ ಒಂದು ಪಾಲಿನ ಆಸುಪಾಸು ಸಾಕು. ಅದು ಸಾಲದೆಂಬಂತೆ, ನೆಲದಲ್ಲಿ ದಿನದ ಬಿಸಿಲು ಮೇಲಿನ ಕೆಲವು ಅಂಗುಲಗಳನ್ನಷ್ಟೇ ಕಾಯಿಸಿದರೆ, ಕಡಲಿನಲ್ಲಿ ಅಲೆಗಳು ಅದೇ ಶಾಖವನ್ನು ಹತ್ತಾರು ಮೀಟರ್ ಆಳದವರೆಗೆ ಕದಡಿ ಹಂಚಿಬಿಡುತ್ತವೆ. ಹೀಗಾಗಿ ಉತ್ತರ ಗೋಳಾರ್ಧದ ಮಧ್ಯ ಅಕ್ಷಾಂಶಗಳಲ್ಲಿ ಕಡಲು ಅತಿ ತಣ್ಣಗಿರುವುದು ಡಿಸೆಂಬರಿನಲ್ಲಲ್ಲ, ಫೆಬ್ರವರಿಯ ಕೊನೆಯಿಂದ ಮಾರ್ಚಿನವರೆಗೆ; ಅತಿ ಬೆಚ್ಚಗಿರುವುದು ಆಗಸ್ಟ್‌–ಸೆಪ್ಟೆಂಬರಿನಲ್ಲಿ. ಸೂರ್ಯನ ಲೆಕ್ಕವೇ ಬೇರೆ. ಏಪ್ರಿಲ್ 20ರ ನಡುಹಗಲಿನ ಸೂರ್ಯ ಆಕಾಶದಲ್ಲಿ ಹೆಚ್ಚುಕಡಿಮೆ ಆಗಸ್ಟ್ 22ರ ಸೂರ್ಯನಷ್ಟೇ ಎತ್ತರದಲ್ಲಿರುತ್ತಾನೆ. ಅಂದರೆ ಏಪ್ರಿಲಿನಲ್ಲಿ ಕರಾವಳಿಯ ನೆತ್ತಿಯ ಮೇಲೆ ಆಗಸ್ಟಿನ ಸೂರ್ಯನಿದ್ದಾನೆ, ಕಾಲಬುಡದಲ್ಲಿ ಚಳಿಗಾಲದ ನೀರಿದೆ. ಈ ಎರಡರ ಜಗಳವನ್ನೇ ನಾವು ವಸಂತ ಎಂದು ಕರೆಯುತ್ತೇವೆ ಎಂದರೆ ಕವಿಗಳು ಒಪ್ಪಲಿಕ್ಕಿಲ್ಲ, ಥರ್ಮಾಮೀಟರು ಒಪ್ಪುತ್ತದೆ.

ಗುರುವಾರ ನಾನು ಕಂಡದ್ದು ಈ ಜಗಳದ ಅತಿ ಚಿಕ್ಕ ರೂಪವಾದ ಕಡಲಗಾಳಿ. ನೆಲ ಕಾದಾಗ ಅದರ ಮೇಲಿನ ಗಾಳಿ ಹಿಗ್ಗಿ ಏರುತ್ತದೆ, ಕೆಳಗೆ ಒತ್ತಡ ತುಸು ತಗ್ಗುತ್ತದೆ, ಕಡಲಿನ ಮೇಲಿನ ತಣ್ಣನೆಯ, ಭಾರದ ಗಾಳಿ ಆ ಕಡೆಗೆ ನುಗ್ಗುತ್ತದೆ. ಶಾಲೆಯ ಪುಸ್ತಕದಲ್ಲಿ ಬಾಣದ ಗುರುತುಗಳೊಡನೆ ಓದುವಾಗ ಇದು ಬಲು ಸೌಮ್ಯವಾದ ಸಂಗತಿಯಂತೆ ಕಾಣುತ್ತದೆ. ಪುಸ್ತಕಗಳು ಹೇಳದೆ ಬಿಡುವ ವಿಷಯವೆಂದರೆ, ಕಡಲಗಾಳಿ ಮೆಲ್ಲಮೆಲ್ಲನೆ ಬೆರೆಯುತ್ತಾ ಬರುವುದಿಲ್ಲ. ಅದಕ್ಕೊಂದು ಮೊಗ ಇರುತ್ತದೆ. ಕೆಲವು ನೂರು ಮೀಟರುಗಳಿಂದ ಒಂದು ಕಿಲೋಮೀಟರಿನವರೆಗೆ ದಪ್ಪವಿರುವ ತಣ್ಣನೆಯ ಪದರವೊಂದು, ಚೆಲ್ಲಿದ ನೀರು ನೆಲದ ಮೇಲೆ ಅಂಚು ಕಟ್ಟಿಕೊಂಡು ಹರಿಯುವಂತೆ, ಬೆಚ್ಚನೆಯ ಗಾಳಿಯ ಅಡಿಗೆ ತೂರಿಕೊಂಡು ಮುಂದೆ ಸರಿಯುತ್ತದೆ. ಬಿಸಿಲು ಚೆನ್ನಾಗಿದ್ದ ದಿನ ಸಂಜೆಯ ಹೊತ್ತಿಗೆ ಅದು ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಐವತ್ತು ಕಿಲೋಮೀಟರ್ ಒಳಗೆ ಹೋಗಬಲ್ಲದು. ನೆಲದ ಕಡೆಯಿಂದ ಎದುರುಗಾಳಿ ಬಲವಾಗಿದ್ದರೆ ದಂಡೆಯನ್ನೇ ದಾಟದೆ ನೀರಿನ ಮೇಲೆ ತೂಗಾಡುತ್ತಾ ನಿಲ್ಲುವುದೂ ಉಂಟು. ನನಗೆ ಅತ್ಯಂತ ಕುತೂಹಲದ ದಿನಗಳೆಂದರೆ ಅವೇ: ಗೆರೆ ದಂಡೆಯಿಂದ ಅರ್ಧ ಕಿಲೋಮೀಟರು ದೂರದಲ್ಲಿ ನಿಂತಿರುತ್ತದೆ, ಹಾಯಿದೋಣಿಯವರು ಅತ್ತ ಒಂದು ದಿಕ್ಕಿನ ಗಾಳಿಯಲ್ಲೂ ಇತ್ತ ಇನ್ನೊಂದು ದಿಕ್ಕಿನ ಗಾಳಿಯಲ್ಲೂ ಸಿಕ್ಕಿ ಪಟಪಟನೆ ಹಾಯಿ ಹೊರಳಿಸುತ್ತಿರುತ್ತಾರೆ.

ಮಂಜು ಇದೇ ಕಥೆಯ ಇನ್ನೊಂದು ಎಳೆ. ಹದಿನಾಲ್ಕು ಡಿಗ್ರಿಯ ತೇವದ ಗಾಳಿಯೊಂದು ಏಳು ಡಿಗ್ರಿಯ ನೀರಿನ ಮೇಲೆ ಗಂಟೆಗಟ್ಟಲೆ ಸಾಗಿ ಬಂದರೆ ಅದರ ಕೆಳಪದರ ತಣಿದು ತಣಿದು ಇಬ್ಬನಿ ಬಿಂದುವನ್ನು ಮುಟ್ಟುತ್ತದೆ, ಅಲ್ಲಿಗೆ ಹಬೆ ಹನಿಗಟ್ಟುತ್ತದೆ. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯವರು ಇದನ್ನು ‘ಹಾರ್’ ಎನ್ನುತ್ತಾರೆ. ಉತ್ತರ ಸಮುದ್ರದ ಮೇಲಿಂದ ಮೂಡಣ ಗಾಳಿ ಹೊತ್ತು ತರುವ ಈ ಕಾವಳ ಅಲ್ಲಿ ಏಪ್ರಿಲಿನಿಂದ ಬೇಸಿಗೆಯವರೆಗೂ ಕಾಡುತ್ತದೆ. ನ್ಯೂಫೌಂಡ್‌ಲ್ಯಾಂಡಿನ ಬಳಿ ತಣ್ಣನೆಯ ಲ್ಯಾಬ್ರಡಾರ್ ಪ್ರವಾಹವೂ ಬೆಚ್ಚನೆಯ ಗಲ್ಫ್ ಸ್ಟ್ರೀಮ್ ಪ್ರವಾಹವೂ ಹತ್ತಿರ ಬರುವ ಕಡೆ ವಸಂತದ ಕೊನೆಯಿಂದಲೇ ಕಾವಳದ ಸುಗ್ಗಿ. ಉಪಗ್ರಹದ ಚಿತ್ರದಲ್ಲಿ ಇಂಥ ಮಂಜು ನೋಡುವುದಕ್ಕೆ ಸೊಗಸು: ಕಡಲೆಲ್ಲ ಹಾಲಿನಂತೆ ಬೆಳ್ಳಗಿರುತ್ತದೆ, ನೆಲವೆಲ್ಲ ನಿಚ್ಚಳವಾಗಿರುತ್ತದೆ, ನಡುವೆ ಕರಾವಳಿಯ ಅಂಕುಡೊಂಕನ್ನು ಪೆನ್ಸಿಲಿನಲ್ಲಿ ತಿದ್ದಿದಂತೆ ಮಂಜಿನ ಅಂಚು ಕೂತಿರುತ್ತದೆ. ಕೊಲ್ಲಿಗಳಿದ್ದಲ್ಲಿ ಮಾತ್ರ ಒಂದೊಂದು ಬಿಳಿ ನಾಲಗೆ ಒಳಗೆ ಚಾಚಿರುತ್ತದೆ.

ಇಷ್ಟು ಮನೆಯಂಗಳದ ಜಗಳ. ದೊಡ್ಡ ಜಗಳಗಳಿಗೆ, ಅಂದರೆ ಸಾವಿರಾರು ಕಿಲೋಮೀಟರ್ ಹರಡಿದ ಎರಡು ವಾಯುರಾಶಿಗಳು ಮುಖಾಮುಖಿಯಾಗುವ ಸಾಲಿಗೆ, ‘ಫ್ರಂಟ್’ ಎಂಬ ಹೆಸರು ಬಂದ ಬಗೆ ಸ್ವಾರಸ್ಯದ್ದು. ನಾರ್ವೆಯ ಭೌತವಿಜ್ಞಾನಿ ವಿಲ್ಹೆಲ್ಮ್ ಬಿಯರ್ಕ್ನೆಸ್ ಜರ್ಮನಿಯ ಲೈಪ್ಜಿಗ್ ಬಿಟ್ಟು 1917ರಲ್ಲಿ ಬರ್ಗನ್ ನಗರಕ್ಕೆ ಬಂದರು. ಬರ್ಗನ್ ಎಂದರೆ ಮಳೆಗೆ ಹೆಸರಾದ ಕರಾವಳಿ ನಗರ. ಮೊದಲ ಮಹಾಯುದ್ಧದಿಂದಾಗಿ ಬ್ರಿಟನ್ನಿನ ಹವಾ ವರದಿಗಳು ಗುಟ್ಟಾಗಿದ್ದವು. ಪಡುವಣದಿಂದ ಬರುವ ಹವೆಯನ್ನು ಮೊದಲೇ ತಿಳಿಯುವ ಕಣ್ಣೇ ನಾರ್ವೆಗೆ ಇಲ್ಲದಂತಾಗಿತ್ತು. ಆ ಕೊರತೆಯನ್ನು ತುಂಬಲು 1918ರಲ್ಲಿ ಅವರು ಪಶ್ಚಿಮ ಕರಾವಳಿಯುದ್ದಕ್ಕೂ ವೀಕ್ಷಣಾ ಕೇಂದ್ರಗಳನ್ನು ಒತ್ತೊತ್ತಾಗಿ ಹಾಕಿಸಿದರು. ಕೇಂದ್ರಗಳು ವಿರಳವಾಗಿದ್ದಾಗ ಹವೆಯ ಬದಲಾವಣೆ ನಕ್ಷೆಯಲ್ಲಿ ಇಳಿಜಾರಿನಂತೆ ಕಾಣುತ್ತಿತ್ತು; ಒತ್ತೊತ್ತಾದ ಕೂಡಲೇ ಅದು ಮೆಟ್ಟಿಲೆಂಬುದು ಬಯಲಾಯಿತು. ವಿಲ್ಹೆಲ್ಮರ ಮಗ, ಆಗ ಇಪ್ಪತ್ತೊಂದರ ಆಸುಪಾಸಿನಲ್ಲಿದ್ದ ಜೇಕಬ್ ಬಿಯರ್ಕ್ನೆಸ್, ವಾಯುಭಾರ ಕುಸಿತದ ಪ್ರತಿಯೊಂದು ಸುಳಿಯಿಂದಲೂ ಇಂಥ ಎರಡು ಗೆರೆಗಳು ಹೊರಡುತ್ತವೆ ಎಂದು 1919ರಲ್ಲಿ ಪ್ರಕಟವಾದ ಪುಟ್ಟ ಪ್ರಬಂಧದಲ್ಲಿ ತೋರಿಸಿದ. ಹಿಂದಿನ ಗೆರೆ ಮುಂದಿನದನ್ನು ಅಟ್ಟಿ ಹಿಡಿದು ಬೆಚ್ಚನೆಯ ಗಾಳಿಯನ್ನು ನೆಲದಿಂದ ಎತ್ತಿಬಿಡುವ ಸ್ಥಿತಿಯನ್ನು ಅವನ ಜೊತೆಗಾರ ತೋರ್ ಬರ್ಗೆರಾನ್ ಗುರುತಿಸಿದ. ಯೂರೋಪಿನ ಪತ್ರಿಕೆಗಳ ತುಂಬ ಸೇನೆಗಳ ಮುಂಚೂಣಿಯ ಸಾಲುಗಳೇ ತುಂಬಿದ್ದ ಕಾಲ ಅದು. ತಮ್ಮ ಗೆರೆಗಳಿಗೂ ಅವರು ಅದೇ ಹೆಸರನ್ನಿಟ್ಟರು. ಕನ್ನಡದಲ್ಲಿ ಮುಂಚೂಣಿ ಎಂದೇ ಬರೆಯಬಹುದಿತ್ತು, ಆದರೆ ಮೋಡಗಳಿಗೆ ಆ ಪದವನ್ನು ಹಚ್ಚಿದರೆ ಯಾಕೋ ಬೂಟಿನ ಸದ್ದು ಕೇಳಿಸುತ್ತದೆ. ಫ್ರಂಟ್ ಎಂದೇ ಇರಲಿ.

ಇಂಥ ಒಂದು ಪೂರ್ತಿ ಮೆರವಣಿಗೆಯನ್ನು ಕಡಲ ದಂಡೆಯಿಂದ ನೋಡಲು ಒಂದೂವರೆ ದಿನ ಬಿಡುವಿದ್ದರೆ ಸಾಕು. ಬೆಚ್ಚನೆಯ ಗಾಳಿ ಮುಂದೊತ್ತಿ ಬರುವ ಉಷ್ಣ ಫ್ರಂಟ್ ಗೋಡೆಯಂತೆ ನಿಂತಿರುವುದಿಲ್ಲ, ಅತಿ ಸಪೂರವಾದ ಇಳಿಜಾರಿನಂತೆ ಮಲಗಿರುತ್ತದೆ: ಒಂದು ಕಿಲೋಮೀಟರು ಏರಲು ಅದಕ್ಕೆ ನೂರೈವತ್ತರಿಂದ ಇನ್ನೂರು ಕಿಲೋಮೀಟರು ಬೇಕು. ಹೀಗಾಗಿ ನೆಲದ ಮೇಲೆ ಫ್ರಂಟ್ ಇನ್ನೂ ಸಾವಿರ ಕಿಲೋಮೀಟರು ಆಚೆ ಇರುವಾಗಲೇ ಅದರ ಮೇಲ್ತುದಿ ನಮ್ಮ ನೆತ್ತಿಯ ಮೇಲೆ ಬಂದಿರುತ್ತದೆ. ಮೊದಲು ಕಾಣುವುದು ಕುದುರೆಯ ಬಾಲದ ಕೂದಲಿನಂಥ ಹಿಮಕಣಗಳ ಮೋಡ. ಕೆಲವು ಗಂಟೆಗಳಲ್ಲಿ ಅದು ತೆಳುವಾದ ಮುಸುಕಾಗಿ ಹರಡುತ್ತದೆ. ಆಗ ಸೂರ್ಯನೋ ಚಂದ್ರನೋ ಗುಡಿ ಕಟ್ಟುತ್ತಾನೆ. ಆ ಬಳೆಯ ತ್ರಿಜ್ಯ ಯಾವಾಗಲೂ 22 ಡಿಗ್ರಿ, ಏಕೆಂದರೆ ಷಟ್ಕೋನದ ಹಿಮಹರಳು ಬೆಳಕನ್ನು ಬಾಗಿಸುವ ಲೆಕ್ಕ ಎಲ್ಲೆಡೆಯೂ ಒಂದೇ. ತೋಳನ್ನು ಚಾಚಿ ಹೆಬ್ಬೆರಳನ್ನು ಚಂದ್ರನ ಮೇಲಿಟ್ಟು ಅಂಗೈಯನ್ನು ಅಗಲಿಸಿದರೆ ಕಿರುಬೆರಳಿನ ತುದಿ ಹೆಚ್ಚುಕಡಿಮೆ ಬಳೆಯನ್ನು ಮುಟ್ಟುತ್ತದೆ. ಅಲ್ಲಿಂದ ಮುಂದೆ ಮುಸುಕು ದಪ್ಪವಾಗುತ್ತದೆ, ಸೂರ್ಯ ಉಜ್ಜಿದ ಗಾಜಿನ ಹಿಂದಿನ ದೀಪದಂತಾಗುತ್ತಾನೆ, ನೆರಳುಗಳು ಅಳಿಯುತ್ತವೆ. ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರು ಇಳಿಯುತ್ತಾ ಹೋಗುತ್ತದೆ, ಗಾಳಿ ಆಗ್ನೇಯಕ್ಕೆ ತಿರುಗುತ್ತದೆ, ಕೊನೆಗೆ ಸೋನೆ ಹಿಡಿಯುತ್ತದೆ. ಅಬ್ಬರವಿಲ್ಲದ, ಬಿಡುವೂ ಇಲ್ಲದ ಮಳೆ ಅದು.

ಉಷ್ಣ ಫ್ರಂಟ್ ದಾಟಿದ ಮೇಲೆ ಮಳೆ ತೆಳುವಾಗಿ, ಗಾಳಿ ನೈಋತ್ಯಕ್ಕೆ ಸರಿದು, ಒಡನೆಯೇ ಬೆಚ್ಚಗೆನಿಸುತ್ತದೆ. ವಸಂತದ ಕರಾವಳಿಯಲ್ಲಿ ಆ ಬೆಚ್ಚನೆಗೂ ಒಂದು ಷರತ್ತಿದೆ. ತೇವದ ಆ ಗಾಳಿ ತಣ್ಣನೆಯ ನೀರಿನ ಮೇಲಿಂದ ಬಂದಿದ್ದರೆ ದಂಡೆಗೆ ಸಿಗುವುದು ತುಂತುರು ಮತ್ತು ಮಬ್ಬು, ಬಿಸಿಲೆಲ್ಲ ಒಳನಾಡಿಗೆ. ಆಮೇಲೆ ಬರುವುದು ತಣ್ಣನೆಯ ಗಾಳಿ ಮುಂದೊತ್ತಿ ಬರುವ ಶೀತ ಫ್ರಂಟ್. ಇದು ಹೆಚ್ಚು ಕಡಿದು: ಒಂದು ಕಿಲೋಮೀಟರು ಏರಲು ಐವತ್ತರಿಂದ ನೂರು ಕಿಲೋಮೀಟರು, ಮೂತಿಯ ಬಳಿ ಇನ್ನೂ ಕಡಿದು. ಹೀಗಾಗಿ ಇದರ ಮುನ್ಸೂಚನೆ ದಿನಗಟ್ಟಲೆ ಮೊದಲು ಆಕಾಶದಲ್ಲಿ ಸಿಗುವುದಿಲ್ಲ. ಕಪ್ಪು ಮೋಡದ ಪಟ್ಟಿ, ಹತ್ತಿಪ್ಪತ್ತು ನಿಮಿಷದ ಜಡಿಮಳೆ, ಕೆಲವೊಮ್ಮೆ ಗುಡುಗು. ಗಾಳಿ ಒಂದೇ ಏಟಿಗೆ ನೈಋತ್ಯದಿಂದ ವಾಯವ್ಯಕ್ಕೆ, ಅಂದರೆ ಪ್ರದಕ್ಷಿಣೆಯ ದಿಕ್ಕಿನಲ್ಲಿ, ಹೊರಳುತ್ತದೆ. ಬ್ಯಾರೋಮೀಟರಿನ ಗೆರೆ ಕೆಳಮುಖವಾಗಿದ್ದದ್ದು ಮೊನಚಾದ ‘ವಿ’ ಅಕ್ಷರ ಬರೆದು ಮೇಲೇಳುತ್ತದೆ. ದಕ್ಷಿಣ ಗೋಳಾರ್ಧದಲ್ಲಿ ಇವೆಲ್ಲವೂ ಕನ್ನಡಿಯಲ್ಲಿ ಕಂಡಂತೆ ಅಪ್ರದಕ್ಷಿಣೆ. ಫ್ರಂಟ್ ದಾಟಿದ ಅರ್ಧ ಗಂಟೆಯ ನಂತರದ ಗಾಳಿಯಷ್ಟು ಸ್ವಚ್ಛವಾದದ್ದು ವರ್ಷದಲ್ಲಿ ಇನ್ನೊಂದಿಲ್ಲ. ದಿನವೂ ಮಸುಕಾಗಿ ಕಾಣುವ ದೂರದ ಭೂಶಿರದ ಮೇಲಿನ ಮರಗಳನ್ನು ಆಗ ಎಣಿಸಬಹುದು.

ಶೀತ ಫ್ರಂಟಿನ ಹಿಂದಿನ ಹವೆಯಲ್ಲಿ ವಸಂತಕ್ಕೇ ಮೀಸಲಾದ ಒಂದು ಚಮತ್ಕಾರವಿದೆ. ಅದು ಅರ್ಥವಾಗಲು ನನಗೆ ಬಹಳ ಕಾಲ ಹಿಡಿಯಿತು. ಮೇಲೆ ಧ್ರುವದ ಕಡೆಯಿಂದ ಬಂದ ಕೊರೆಯುವ ಗಾಳಿ, ಕೆಳಗೆ ಏಪ್ರಿಲಿನ ಬಿಸಿಲಿಗೆ ಕಾದ ನೆಲ. ಹೀಗಿರುವಾಗ ಮಧ್ಯಾಹ್ನಕ್ಕೆ ಒಳನಾಡಿನ ಮೇಲೆ ಹೂಕೋಸಿನಂಥ ಮೋಡಗಳು ಉಕ್ಕುತ್ತವೆ, ಆಲಿಕಲ್ಲು ಬೀಳುತ್ತದೆ, ಹತ್ತು ನಿಮಿಷದಲ್ಲಿ ಬಿಸಿಲು ಮರಳುತ್ತದೆ, ಮತ್ತೆ ಬೀಳುತ್ತದೆ. ಗಾಳಿ ಕಡಲಿನಿಂದ ಬರುವ ದಂಡೆಯಲ್ಲಾದರೋ ಇಡೀ ದಿನ ನೀಲಿ ಆಕಾಶ. ಗಾಳಿಯನ್ನು ಕೆಳಗಿನಿಂದ ಕುದಿಸಲು ತಣ್ಣನೆಯ ನೀರಿಗೆ ತ್ರಾಣವಿಲ್ಲ. ಮೋಡ ಉಕ್ಕಬೇಕಾದರೆ ಗಾಳಿ ನೆಲದ ಮೇಲೆ ಕೆಲವು ಕಿಲೋಮೀಟರು ಸಾಗಬೇಕು. ಶರತ್ಕಾಲದಲ್ಲಿ ಇದು ತಿರುಗಾಮುರುಗಾ: ಬೇಸಿಗೆಯ ಶಾಖವನ್ನು ಉಳಿಸಿಕೊಂಡ ಕಡಲು ಮಳೆ ಹುಟ್ಟಿಸುತ್ತದೆ, ದಂಡೆ ನೆನೆಯುತ್ತದೆ, ಒಳನಾಡು ಒಣಗಿರುತ್ತದೆ. ಮಂಜಿನಲ್ಲಿ ಕಳೆದುಕೊಂಡದ್ದನ್ನು ಕಡಲು ಇಂಥ ದಿನಗಳಲ್ಲಿ ಕರಾವಳಿಯವರಿಗೆ ಮರಳಿ ಕೊಡುತ್ತದೆ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ.

ಎಲ್ಲ ಫ್ರಂಟ್‌ಗಳೂ ಹೀಗೆ ಪಡುವಣದಿಂದ ಮೂಡಣಕ್ಕೆ ಶಿಸ್ತಾಗಿ ನಡೆಯುವುದಿಲ್ಲ. ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತ್ಯದಲ್ಲಿ ವಸಂತದಲ್ಲಿ ಈಶಾನ್ಯದ ಕಡೆಯಿಂದ, ತಣ್ಣನೆಯ ಅಟ್ಲಾಂಟಿಕ್ ನೀರಿನ ಮೇಲಿಂದ, ಒಂದು ಶೀತ ಫ್ರಂಟ್ ತಿರುಗುದಾರಿಯಲ್ಲಿ ನುಸುಳುತ್ತದೆ. ಅಲ್ಲಿನವರು ಅದನ್ನು ಹಿತ್ತಿಲ ಬಾಗಿಲಿನ ಫ್ರಂಟ್ ಎಂದೇ ಕರೆಯುತ್ತಾರೆ. ಬೆಳಿಗ್ಗೆ ಬೇಸಿಗೆಯಂತಿದ್ದ ಬಾಸ್ಟನ್ ಮಧ್ಯಾಹ್ನಕ್ಕೆ ಕೋಟು ಹುಡುಕುವಂತಾಗುತ್ತದೆ. ಆಸ್ಟ್ರೇಲಿಯಾದ ಆಗ್ನೇಯ ಕರಾವಳಿಯದು ಇನ್ನೂ ರಭಸದ ಪ್ರಕರಣ. ಅಕ್ಟೋಬರಿನಿಂದ ಆಚೆಗೆ, ಅಂದರೆ ಅಲ್ಲಿನ ವಸಂತ ಮತ್ತು ಬೇಸಿಗೆಯಲ್ಲಿ, ಒಳನಾಡಿನ ಬೆಟ್ಟಸಾಲು ಶೀತ ಫ್ರಂಟಿನ ಒಂದು ತುದಿಯನ್ನು ತಡೆದು ಹಿಡಿಯುತ್ತದೆ. ಕಡಲಿನ ಬದಿಯ ತುದಿ ಬೆಟ್ಟಕ್ಕೂ ನೀರಿಗೂ ನಡುವಿನ ಓಣಿಯಲ್ಲಿ ಉತ್ತರಕ್ಕೆ ಧಾವಿಸುತ್ತದೆ. ‘ಸದರ್ಲಿ ಬಸ್ಟರ್’ ಎಂದು ಹೆಸರಾದ ಈ ತೆಂಕಣ ಗಾಳಿ ಸಿಡ್ನಿಯನ್ನು ಹೊಕ್ಕಾಗ ತಾಪಮಾನ ಅಲ್ಪ ಹೊತ್ತಿನಲ್ಲೇ ಹತ್ತು–ಹದಿನೈದು ಡಿಗ್ರಿ ಕುಸಿಯುತ್ತದೆ.

ಆದರೆ ನನ್ನ ತಾಳ್ಮೆಯನ್ನು ನಿಜವಾಗಿ ಪರೀಕ್ಷಿಸುವುದು ಈ ಓಟಗಾರರಲ್ಲ, ನಿಂತಲ್ಲೇ ನಿಲ್ಲುವ ಫ್ರಂಟ್. ಎರಡು ವಾಯುರಾಶಿಗಳೂ ಸಮಬಲದವಾಗಿದ್ದು, ಬಲು ಎತ್ತರದಲ್ಲಿ ರಭಸದಿಂದ ಸಾಗುವ ಗಾಳಿಯ ಹೊಳೆಯಾದ ಜೆಟ್ ಪ್ರವಾಹ ಗೆರೆಗೆ ಸಮಾನಾಂತರವಾಗಿ ಹರಿಯುತ್ತಿದ್ದರೆ, ಗೆರೆಯನ್ನು ತಳ್ಳುವವರೇ ಇರುವುದಿಲ್ಲ. ವಸಂತದಲ್ಲಿ ಜೆಟ್ ಪ್ರವಾಹ ದುರ್ಬಲವಾಗುತ್ತಾ ಧ್ರುವದ ಕಡೆಗೆ ಹಿಂದೆ ಸರಿಯುತ್ತಿರುತ್ತದೆ. ದಾರಿಯಲ್ಲಿ ದೊಡ್ಡ ದೊಡ್ಡ ತಿರುವು ತೆಗೆದುಕೊಂಡು ಕೆಲವು ದಿನ ಅಲ್ಲೇ ಸಿಕ್ಕಿಕೊಳ್ಳುವುದೂ ಸಾಮಾನ್ಯ. ಆಗ ನಕ್ಷೆಯಲ್ಲಿ ಒಂದು ಬದಿಗೆ ನೀಲಿ ತ್ರಿಕೋನ, ಇನ್ನೊಂದು ಬದಿಗೆ ಕೆಂಪು ಅರ್ಧವೃತ್ತವಿರುವ ಗೆರೆ ಮೂರು ದಿನ ಒಂದೇ ಕಡೆ ಕೂತಿರುತ್ತದೆ, ಅದರ ಮೇಲೆ ಸಣ್ಣ ಸಣ್ಣ ಅಲೆಗಳೆದ್ದು ಸಾಗುತ್ತವೆ. ಒಂದೊಂದು ಅಲೆ ಬಂದಾಗಲೂ ಗೆರೆ ಮೂವತ್ತು ಕಿಲೋಮೀಟರು ಅತ್ತ, ನಲವತ್ತು ಕಿಲೋಮೀಟರು ಇತ್ತ ಜಗ್ಗುತ್ತದೆ. ಸೋಮವಾರ ಬೆಳಿಗ್ಗೆ ಮಳೆ, ಸಂಜೆ ಬಿಸಿಲು, ಮಂಗಳವಾರ ಮತ್ತೆ ಮಳೆ; ಊರಿನವರ ಬಾಯಲ್ಲಿ ಮುನ್ಸೂಚನೆಯವರಿಗೆ ಬೈಗುಳ. ನಕ್ಷೆಯ ಮೇಲಾದರೋ ಏನೂ ಬದಲಾಗಿಯೇ ಇಲ್ಲ.

ಬೈಗುಳ ಹೊಸದೇನಲ್ಲ. ಇಂಗ್ಲಿಷಿನ ‘ಫೋರ್‌ಕಾಸ್ಟ್’ ಎಂಬ ಪದವನ್ನು ಹವೆಗೆ ಬಳಕೆಗೆ ತಂದ ಬ್ರಿಟನ್ನಿನ ನೌಕಾಧಿಕಾರಿ ರಾಬರ್ಟ್ ಫಿಟ್ಜ್‌ರಾಯ್ ಮೀನುಗಾರರ ಬಂದರುಗಳಿಗೆ ಬ್ಯಾರೋಮೀಟರುಗಳನ್ನು ಹಂಚಿಸಿ, 1861ರಲ್ಲಿ ಪತ್ರಿಕೆಯಲ್ಲಿ ದಿನದ ಮುನ್ಸೂಚನೆಯನ್ನು ಆರಂಭಿಸಿದಾಗಲೂ ಗೇಲಿ ಮಾಡಿದವರು ಬೇಕಾದಷ್ಟಿದ್ದರು. ಅಂದಿನಿಂದ ಇಂದಿಗೆ ಲೆಕ್ಕಾಚಾರ ಎಲ್ಲಿಂದೆಲ್ಲಿಗೋ ಬಂದಿದೆ. ಯೂರೋಪಿನ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರದಲ್ಲಿ ಹವೆಯನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ ಇಡೀ ಭೂಗೋಳವನ್ನು ಸುಮಾರು 9 ಕಿಲೋಮೀಟರ್ ಅಂತರದ ಬಿಂದುಗಳ ಬಲೆಯಲ್ಲಿ ಹಿಡಿಯುತ್ತದೆ. ಬಿರುಗಾಳಿಯನ್ನು ದಿನಗಳ ಮೊದಲೇ ಕಾಣಲು ಅದು ಧಾರಾಳ ಸಾಕು. ಆದರೆ ಕಡಲಗಾಳಿಯ ಮೊಗ ಒಂದೆರಡು ಕಿಲೋಮೀಟರಿಗಿಂತ ಅಗಲವಿರುವುದಿಲ್ಲ, ನನ್ನ ಮನೆ ದಂಡೆಯಿಂದ ಎಂಟುನೂರು ಮೀಟರು ದೂರದಲ್ಲಿದೆ. ಬಲೆಯ ಒಂದು ಕಣ್ಣಿನೊಳಗೆ ಅರ್ಧ ನೆಲ, ಅರ್ಧ ನೀರು. ಅದರ ಸರಾಸರಿ ಯಾರ ಬಾಲ್ಕನಿಯಲ್ಲೂ ಇರುವುದಿಲ್ಲ. ಇನ್ನೂ ಸಣ್ಣ ಕಣ್ಣಿನ ಪ್ರಾದೇಶಿಕ ಮಾದರಿಗಳು ಉತ್ತಮ, ಆದರೂ ಸಮುದ್ರದ ತಾಪಮಾನ ಒಂದು ಡಿಗ್ರಿ ತಪ್ಪಿದರೆ ಮಂಜು ಇದ್ದಲ್ಲಿ ಇಲ್ಲವಾಗುತ್ತದೆ.

ಇದನ್ನು ತಿಳಿದ ಮೇಲೆ ನಾನು ಮುನ್ಸೂಚನೆ ಓದುವ ಕ್ರಮ ಬದಲಾಗಿದೆ. ಸೂರ್ಯ, ಮೋಡ, ಕೊಡೆಯ ಚಿತ್ರಗಳನ್ನು ನೋಡುವುದನ್ನು ಬಿಟ್ಟಿದ್ದೇನೆ. ಅವು ಒಂದು ಗೆರೆಯ ಎರಡು ಬದಿಗಳನ್ನು ಕಲಸಿ ಒಂದು ಗೊಂಬೆ ಮಾಡುತ್ತವೆ. ‘ಮಳೆಯ ಸಾಧ್ಯತೆ ಶೇ. 40’ ಎಂದಿದ್ದರೆ ಅರೆಬರೆ ಮಳೆ ಎಂದು ಓದುವುದಿಲ್ಲ. ಸ್ವಲ್ಪ ಸ್ವಲ್ಪ ಬೇರೆ ಆರಂಭದಿಂದ ಹತ್ತಾರು ಸಲ ಓಡಿಸಿದ ಲೆಕ್ಕದಲ್ಲಿ ಹತ್ತಕ್ಕೆ ನಾಲ್ಕರಂತೆ ಗೆರೆ ನನ್ನನ್ನು ದಾಟಿತು, ಉಳಿದ ಆರರಲ್ಲಿ ದಾಟಲಿಲ್ಲ ಎಂದು ಓದುತ್ತೇನೆ. ಮೊದಲು ಒತ್ತಡದ ನಕ್ಷೆ, ಆಮೇಲೆ ಗಾಳಿಯ ದಿಕ್ಕು, ಕಡಲಿನ ನೀರಿನ ತಾಪಮಾನ, ಕೊನೆಗೆ ರೇಡಾರ್. ಅಲ್ಲದೆ 1857ರಲ್ಲಿ ಡಚ್ ವಿಜ್ಞಾನಿ ಬೈಸ್ ಬಾಲಟ್ ಹೇಳಿಕೊಟ್ಟ ಖರ್ಚಿಲ್ಲದ ಉಪಾಯವೊಂದಿದೆ: ಉತ್ತರ ಗೋಳಾರ್ಧದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ವಾಯುಭಾರ ಕುಸಿತ ಎಡಗಡೆಗಿರುತ್ತದೆ. ದಂಡೆಯಲ್ಲಿ ಕಡಲಗಾಳಿ ಈ ಲೆಕ್ಕವನ್ನು ಕೆಡಿಸುತ್ತದಾದ್ದರಿಂದ ಬೆಳಗಿನ ಹೊತ್ತು, ನೆಲ ಕಾಯುವ ಮೊದಲೇ, ನಿಂತು ನೋಡಬೇಕು. ನೋಡುವವರಿಗೆ ನಾನು ಕಡಲಿಗೆ ಮುನಿಸಿಕೊಂಡು ಬೆನ್ನು ತಿರುಗಿಸಿದಂತೆ ಕಾಣುವುದೇನೋ ನಿಜ.

ನಿನ್ನೆ ರಾತ್ರಿ ಚಂದ್ರ ಗುಡಿ ಕಟ್ಟಿದ್ದ. ಈ ಬೆಳಿಗ್ಗೆ ಸೂರ್ಯನ ಸುತ್ತಲೂ ಅದೇ ಬಳೆ ಇತ್ತು, ಹತ್ತು ಗಂಟೆಗೆ ಬಳೆ ಅಳಿಸಿಹೋಗಿ ಸೂರ್ಯ ಬರೀ ಒಂದು ಬೆಳ್ಳನೆಯ ಕಲೆಯಾದ. ಏಳು ಗಂಟೆಗೆ 1009 ಹೆಕ್ಟೋಪಾಸ್ಕಲ್ ಇದ್ದ ಬ್ಯಾರೋಮೀಟರು ಈಗ 1005ಕ್ಕೆ ಬಂದಿದೆ, ಗಾಳಿ ಆಗ್ನೇಯದಿಂದ ಮೂಗಿಗೆ ಉಪ್ಪು ತಾಗಿಸುವಂತೆ ಬೀಸುತ್ತಿದೆ. ಆ್ಯಪ್ ಸಂಜೆ ಆರಕ್ಕೆ ಕೊಡೆಯ ಚಿತ್ರ ಹಾಕಿದೆ. ರೇಡಾರಿನಲ್ಲಿ ಮಳೆಯ ಮುಂದಿನ ಅಂಚು ಇಲ್ಲಿಗೆ ತೊಂಬತ್ತು ಕಿಲೋಮೀಟರು ದೂರದಲ್ಲಿದೆ, ಗಂಟೆಗೆ ಮೂವತ್ತರಂತೆ ಸರಿಯುತ್ತಿದೆ. ಈಗ ಹನ್ನೊಂದೂವರೆ. ತಂತಿಯ ಮೇಲಿನ ಬಟ್ಟೆಗಳು ಈ ತೇವದ ಗಾಳಿಯಲ್ಲಿ ಒಣಗುವ ಲಕ್ಷಣವೇನೂ ಕಾಣುವುದಿಲ್ಲ. ಆದರೂ ಎರಡೂವರೆಯವರೆಗೆ ಬಿಟ್ಟಿರುತ್ತೇನೆ.